ದೀಪದ ಸೂಚನೆ, ಕೈಯ ಅರಿವು: ಎಬಿಎಸ್ ಎಚ್ಚರಿಕೆ ದೀಪ ಮತ್ತು ದುರಸ್ತಿ ಜ್ಞಾನದ ಚರಿತ್ರೆ

ಪ್ರವೇಶ

ವೃತ್ತಿ ಜಾನಪದವೆಂದೊಡನೆ ಕನ್ನಡದ ಸಂಶೋಧಕರು ಕುಂಬಾರಿಕೆ, ಕಮ್ಮಾರಿಕೆ, ಬಡಗಿ ಕೆಲಸ, ನೇಯ್ಗೆ, ಮೀನುಗಾರಿಕೆಗಳಂತಹ ಪರಂಪರಾಗತ ಕಸುಬುಗಳತ್ತ ತಿರುಗುವುದು ರೂಢಿ. ಇದು ಸಹಜವೂ ಹೌದು. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿ ಬೇಸಾಯದ, ಅಡುಗೆಯ, ಕಸುಬಿನ ಪರಿಕರಗಳು ಸಂಗ್ರಹಗೊಂಡಿರುವಂತೆಯೇ ಅವುಗಳನ್ನು ಬಳಸುತ್ತಿದ್ದವರ ಅರಿವೂ ಗ್ರಂಥಗಳಲ್ಲಿ ದಾಖಲಾಗುತ್ತ ಬಂದಿದೆ. ಆದರೆ ಅದೇ ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಬಿಡದಿಯಲ್ಲಿ ಎರಡು ದಶಕಗಳಿಗೂ ಮಿಕ್ಕಿ ಕಾರುಗಳು ತಯಾರಾಗುತ್ತಿವೆ. ಆ ಕಾರುಗಳು ಕೆಟ್ಟಾಗ ಅವುಗಳನ್ನು ಸರಿಪಡಿಸುವವರು ನಾಡಿನ ಊರೂರುಗಳ ಗ್ಯಾರೇಜುಗಳಲ್ಲಿದ್ದಾರೆ. ಇವರ ಜ್ಞಾನವೂ ಬಹುಮಟ್ಟಿಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿ ಬಂದದ್ದು. ಅದು ಜಾನಪದದ ಅಧ್ಯಯನ ವ್ಯಾಪ್ತಿಗೆ ಸೇರಬೇಕಾದದ್ದೆಂಬ ಮಾತಿಗೆ ಹೊಸ ಸಮರ್ಥನೆಯೇನೂ ಬೇಕಿಲ್ಲ.

ಅಮೆರಿಕದ ಜಾನಪದ ವಿದ್ವಾಂಸ ರಾಬರ್ಟ್ ಮೆಕಾರ್ಲ್ 1978ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವೃತ್ತಿ ಜಾನಪದದ ಕೇಂದ್ರದಲ್ಲಿರುವುದು ಹಾಡು–ಕಥೆಗಳಿಗಿಂತ ಹೆಚ್ಚಾಗಿ ಕೆಲಸದ ತಂತ್ರವೇ ಎಂದು ವಾದಿಸಿದರು. ಕೆಲಸ ಹೇಗೆ ಮಾಡಬೇಕೆಂಬ ಅಲಿಖಿತ ಕಟ್ಟಳೆಯನ್ನು ಕೆಲಸಗಾರರು ಒಬ್ಬರಿಂದೊಬ್ಬರು ಕಲಿಯುತ್ತಾರೆ ಮತ್ತು ಅದೇ ಕಟ್ಟಳೆಯಿಂದ ಒಬ್ಬರನ್ನೊಬ್ಬರು ಅಳೆಯುತ್ತಾರೆ ಎಂಬುದು ಅವರ ವಾದದ ತಿರುಳು. ಡಗ್ಲಾಸ್ ಹಾರ್ಪರ್ 1987ರ ತಮ್ಮ ಕೃತಿಯಲ್ಲಿ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಸಣ್ಣ ಗ್ಯಾರೇಜೊಂದರ ಮೆಕ್ಯಾನಿಕನ ಕೈಗೆಲಸವನ್ನು ವಿವರವಾಗಿ ದಾಖಲಿಸಿದರು. ಜೂಲಿಯನ್ ಆರ್ ಅವರ 1996ರ ಅಧ್ಯಯನವು ಜೆರಾಕ್ಸ್ ಯಂತ್ರಗಳನ್ನು ದುರಸ್ತಿ ಮಾಡುವವರು ಪರಸ್ಪರ ಹೇಳಿಕೊಳ್ಳುವ ಕಥೆಗಳು ಕಾಲಹರಣವಲ್ಲ, ಅವೇ ದೋಷಪತ್ತೆಯ ಸಾಧನಗಳು ಎಂದು ತೋರಿಸಿತು.

ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನವು ಒಂದು ಚಿಕ್ಕ ವಸ್ತುವನ್ನು ಎತ್ತಿಕೊಳ್ಳುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವೃತ್ತದೊಳಗೆ ಮೂರು ಇಂಗ್ಲಿಷ್ ಅಕ್ಷರಗಳೊಂದಿಗೆ ಹೊತ್ತಿಕೊಳ್ಳುವ ಎಬಿಎಸ್ ಎಚ್ಚರಿಕೆ ದೀಪವೇ ಆ ವಸ್ತು. ಈ ದೀಪದೊಡನೆ ದೋಷವನ್ನು ಮೊದಲು ಗುರುತಿಸುವ ಕೆಲಸ ಮನುಷ್ಯನ ಕಿವಿ, ಪಾದ, ಅಂಗೈಗಳಿಂದ ಯಂತ್ರಕ್ಕೆ ವರ್ಗವಾಯಿತೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ದೀಪದ ಚರಿತ್ರೆಯನ್ನೂ ಅದನ್ನು ಆರಿಸುವ ಕೆಲಸದ ಕ್ರಮವನ್ನೂ ಪರಿಶೀಲಿಸಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ದೀಪ ಹೇಳುವುದು ದೋಷವಿದೆ ಎಂದಷ್ಟೇ. ದೋಷದ ಕಾರಣವನ್ನು ಹುಡುಕಲು ಹಳೆಯ ಕೈಯ ಅರಿವು ಇಂದಿಗೂ ಬೇಕು.

ಬಿಗಿಯುವ ಗಾಲಿ: ಸಮಸ್ಯೆ ಮತ್ತು ಪರಿಹಾರ

ಓಡುತ್ತಿರುವ ವಾಹನದ ಬ್ರೇಕನ್ನು ಬಲವಾಗಿ ಒತ್ತಿದಾಗ ಗಾಲಿ ಪೂರ್ಣವಾಗಿ ಬಿಗಿದು ನಿಂತರೆ ವಾಹನ ನಿಲ್ಲುವುದಿಲ್ಲ, ಜಾರುತ್ತದೆ. ಉರುಳುವ ಗಾಲಿಗೆ ನೆಲದ ಹಿಡಿತವಿರುತ್ತದೆ. ಜಾರುವ ಗಾಲಿಗೆ ಆ ಹಿಡಿತ ತಗ್ಗುವುದಲ್ಲದೆ, ಸ್ಟೀರಿಂಗ್ ತಿರುಗಿಸಿದರೂ ವಾಹನ ಆ ದಿಕ್ಕಿಗೆ ಹೊರಳುವುದಿಲ್ಲ. ಮಳೆ ಬಿದ್ದ ಟಾರು ರಸ್ತೆಯಲ್ಲಿ, ಮರಳು ಹರಡಿದ ತಿರುವಿನಲ್ಲಿ ಚಾಲಕರಿಗೆ ಇದು ಅನುಭವಸಿದ್ಧ ಸತ್ಯ. ಇದಕ್ಕೆ ಚಾಲಕರು ತಾವೇ ಕಂಡುಕೊಂಡ ಉಪಾಯವೊಂದಿತ್ತು. ಬ್ರೇಕನ್ನು ಒಂದೇ ಸಮನೆ ಅದುಮದೆ ಒತ್ತಿ, ಬಿಟ್ಟು, ಮತ್ತೆ ಒತ್ತುವುದು ಆ ಉಪಾಯ. ಲಾರಿಯ ಕ್ಲೀನರ್ ಹುಡುಗ ಚಾಲಕನಾಗುವ ಹೊತ್ತಿಗೆ ಕಲಿತಿರಬೇಕಾದ ಪಾಠಗಳಲ್ಲಿ ಇದೂ ಒಂದು.

ಎಬಿಎಸ್ ವ್ಯವಸ್ಥೆಯು ಚಾಲಕನ ಪಾದದ ಇದೇ ಜಾಣತನವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವೆಂದು ಹೇಳಬಹುದು. ಅದರ ಮೊದಲ ಹೆಜ್ಜೆಗಳು ರಸ್ತೆಗಿಂತ ಹೆಚ್ಚಾಗಿ ವಿಮಾನದ ಓಡುಹಾದಿಗೆ ಸೇರಿವೆ. ಫ್ರಾನ್ಸಿನ ವಿಮಾನ ನಿರ್ಮಾಪಕ ಗೇಬ್ರಿಯಲ್ ವುವಾಸಾಂ 1920ರ ದಶಕದಲ್ಲಿ ವಿಮಾನದ ಗಾಲಿಗಳು ಬಿಗಿಯದಂತೆ ತಡೆಯುವ ಪ್ರಯೋಗಗಳನ್ನು ನಡೆಸಿದರು. ಜರ್ಮನಿಯ ಬಾಷ್ ಸಂಸ್ಥೆ 1936ರಲ್ಲಿ ಮೋಟಾರು ವಾಹನಗಳ ಗಾಲಿ ಬಿಗಿಯದಂತೆ ತಡೆಯುವ ಸಾಧನವೊಂದಕ್ಕೆ ಪೇಟೆಂಟ್ ಪಡೆಯಿತು. 1950ರ ದಶಕದಲ್ಲಿ ಬ್ರಿಟನ್ನಿನ ಡನ್ಲಪ್ ಸಂಸ್ಥೆಯ ಮ್ಯಾಕ್ಸರೆಟ್ ಎಂಬ ಯಾಂತ್ರಿಕ ಸಾಧನ ವಿಮಾನಗಳಲ್ಲಿ ಬಳಕೆಗೆ ಬಂದಿತು. ಅದನ್ನೇ 1958ರಲ್ಲಿ ಅಲ್ಲಿನ ರಸ್ತೆ ಸಂಶೋಧನಾಲಯವು ರಾಯಲ್ ಎನ್‌ಫೀಲ್ಡ್ ಮೋಟಾರ್ ಸೈಕಲ್ಲೊಂದಕ್ಕೆ ಅಳವಡಿಸಿ ಪರೀಕ್ಷಿಸಿತು. 1966ರ ಜೆನ್ಸನ್ ಎಫ್‌ಎಫ್ ಕಾರಿನಲ್ಲಿ ಮ್ಯಾಕ್ಸರೆಟ್ ಮಾರಾಟದ ಕಾರಿಗೂ ಬಂದಿತು. ಆದರೆ ಆ ಕಾರು ತಯಾರಾದದ್ದು 320 ಮಾತ್ರ.

ಯಾಂತ್ರಿಕ ಸಾಧನಗಳಿಗೆ ವೇಗ ಸಾಲದೆಂಬುದು ಬೇಗ ತಿಳಿಯಿತು. ಅಮೆರಿಕದಲ್ಲಿ ಕ್ರೈಸ್ಲರ್ ಸಂಸ್ಥೆ 1971ರ ತನ್ನ ಇಂಪೀರಿಯಲ್ ಕಾರಿನಲ್ಲಿ ನಾಲ್ಕೂ ಗಾಲಿಗಳಿಗೆ ಅನ್ವಯಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ನೀಡಿತು. ಜರ್ಮನಿಯಲ್ಲಿ ಹೈಡೆಲ್‌ಬರ್ಗಿನ ಟೆಲ್ಡಿಕ್ಸ್ ಸಂಸ್ಥೆ 1960ರ ದಶಕದಲ್ಲಿ ಆರಂಭಿಸಿದ ಕೆಲಸವನ್ನು ಬಾಷ್ ಮುಂದುವರಿಸಿತು. ಮೊದಲ ಮಾದರಿಯಲ್ಲಿ ಸುಮಾರು 1,000 ಬಿಡಿಭಾಗಗಳಿದ್ದ ನಿಯಂತ್ರಣ ಘಟಕ ಡಿಜಿಟಲ್ ತಂತ್ರಜ್ಞಾನದಿಂದ ಸುಮಾರು 140 ಬಿಡಿಭಾಗಗಳಿಗೆ ಇಳಿಯಿತು. ಹೀಗೆ ಸಿದ್ಧವಾದ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿನಲ್ಲಿ ಮಾರುಕಟ್ಟೆಗೆ ಬಂದಿತು. ಇಂದಿನ ವ್ಯವಸ್ಥೆಗಳ ಮೂಲ ವಿನ್ಯಾಸ ಇದೇ. ಪ್ರತಿ ಗಾಲಿಯ ವೇಗವನ್ನು ಒಂದು ಸೆನ್ಸರ್ ಅಳೆಯುತ್ತದೆ. ಯಾವುದಾದರೂ ಗಾಲಿ ಉಳಿದವುಗಳಿಗಿಂತ ಹಠಾತ್ತನೆ ನಿಧಾನವಾದರೆ ಅದು ಬಿಗಿಯಲಿದೆಯೆಂದು ನಿಯಂತ್ರಣ ಘಟಕ ತಿಳಿಯುತ್ತದೆ. ಆಗ ಕವಾಟಗಳು ಆ ಗಾಲಿಯ ಬ್ರೇಕಿನ ಒತ್ತಡವನ್ನು ತಡೆಹಿಡಿದು, ಇಳಿಸಿ, ಮತ್ತೆ ಏರಿಸುತ್ತವೆ. ಇದು ಸೆಕೆಂಡಿಗೆ ಹಲವು ಬಾರಿ ನಡೆಯುವುದರಿಂದ ಚಾಲಕನ ಪಾದಕ್ಕೆ ಪೆಡಲಿನ ಗುರುಗುಟ್ಟುವಿಕೆ ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಚಾಲಕರ ಹಳೆಯ ಪಾಠ ಇದರೊಡನೆ ತಿರುವುಮುರುವಾಯಿತು. ಎಬಿಎಸ್ ಇರುವ ವಾಹನದಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬಾರದು. ಬಲವಾಗಿ ಅದುಮಿ ಹಿಡಿದು ಸ್ಟೀರಿಂಗ್ ತಿರುಗಿಸಬೇಕು. ಪೆಡಲು ಗುರುಗುಟ್ಟಿದರೆ ಹೆದರಿ ಪಾದ ತೆಗೆಯಬಾರದು. ತಲೆಮಾರುಗಳಿಂದ ಸರಿಯಾಗಿದ್ದ ಮೌಖಿಕ ಅರಿವು ಒಂದು ಯಂತ್ರದ ಆಗಮನದಿಂದ ತಪ್ಪಾಗಿ ಪರಿಣಮಿಸಿದ ಅಪರೂಪದ ನಿದರ್ಶನವಿದು.

ಎಚ್ಚರಿಕೆ ದೀಪದ ಹುಟ್ಟು

ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳ ಪರಂಪರೆ ಎಬಿಎಸ್‌ಗಿಂತ ಹಳೆಯದು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಸಂಸ್ಥೆ ತನ್ನ ಕಾರುಗಳಲ್ಲಿ ಮುಳ್ಳುಮಾಪಕಗಳ ಬದಲು ದೀಪಗಳನ್ನು ತಂದಿತು. ಮಾಪಕವು ಆಯಿಲಿನ ಒತ್ತಡ ಎಷ್ಟಿದೆ, ಎತ್ತ ಸಾಗಿದೆ ಎಂದು ತೋರಿಸುತ್ತಿತ್ತು. ದೀಪವು ಕೆಟ್ಟಿದೆ ಎಂದಷ್ಟೇ ಹೇಳುತ್ತಿತ್ತು. ಮಾಪಕವನ್ನು ಓದಲು ಬಲ್ಲವರು ಈ ದೀಪಗಳಿಗೆ ‘ಈಡಿಯಟ್ ಲೈಟ್’, ಅಂದರೆ ದಡ್ಡರ ದೀಪ, ಎಂದು ಹೆಸರಿಟ್ಟರು. ಈ ಅಡ್ಡಹೆಸರು ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿದೆ. ತಮ್ಮ ಅರಿವನ್ನು ಯಂತ್ರ ಕಸಿದುಕೊಂಡಿತೆಂಬ ಕಸುಬುದಾರರ ಅಸಮಾಧಾನ ಅದರಲ್ಲಿ ಅಡಗಿದೆ.

ಆದರೆ ಎಬಿಎಸ್ ದೀಪದ ಸಂಗತಿ ಬೇರೆ. ಅದರ ಅಗತ್ಯವನ್ನು ತಿಳಿಯಲು ಅಮೆರಿಕದ ಲಾರಿಗಳ ಪ್ರಕರಣವನ್ನು ನೋಡಬೇಕು. ಅಲ್ಲಿನ ಸರ್ಕಾರವು 1975ರಲ್ಲಿ ಜಾರಿಗೊಳಿಸಿದ 121ನೆಯ ಸುರಕ್ಷತಾ ಮಾನದಂಡವು ಗಾಳಿ ಬ್ರೇಕಿನ ಭಾರಿ ವಾಹನಗಳು ಗಾಲಿ ಬಿಗಿಯದೆ ನಿಗದಿತ ದೂರದೊಳಗೆ ನಿಲ್ಲಬೇಕೆಂದು ವಿಧಿಸಿತು. ತಯಾರಕರು ಆತುರದಲ್ಲಿ ಅಳವಡಿಸಿದ ಎಲೆಕ್ಟ್ರಾನಿಕ್ ಸಾಧನಗಳು ರಸ್ತೆಯ ಧೂಳು, ನೀರು, ಕಂಪನಗಳನ್ನು ತಾಳದೆ ಕೆಟ್ಟವು. ಚಾಲಕರೂ ಮಾಲೀಕರೂ ವ್ಯವಸ್ಥೆಯ ಮೇಲಿನ ನಂಬಿಕೆ ಕಳೆದುಕೊಂಡು ಅದರ ಸಂಪರ್ಕವನ್ನೇ ಕಿತ್ತುಹಾಕಿದ ಪ್ರಸಂಗಗಳು ನಡೆದವು. ತಯಾರಕರು ಹೂಡಿದ ಮೊಕದ್ದಮೆಯಲ್ಲಿ 1978ರಲ್ಲಿ ನ್ಯಾಯಾಲಯವು ಮಾನದಂಡದ ಮುಖ್ಯ ಭಾಗಗಳನ್ನು ಅಸಿಂಧುಗೊಳಿಸಿತು. ಅದೇ ವರ್ಷ ಜರ್ಮನಿಯ ಕಾರುಗಳಲ್ಲಿ ಎಬಿಎಸ್ ಯಶಸ್ಸು ಕಂಡದ್ದು ಚರಿತ್ರೆಯ ಒಂದು ಕಾಕತಾಳೀಯ.

ಅಮೆರಿಕದ ಲಾರಿಗಳಿಗೆ ಎಬಿಎಸ್ ಮತ್ತೆ ಕಡ್ಡಾಯವಾದದ್ದು 1997ರ ಮಾರ್ಚಿನಿಂದ. ಈ ಬಾರಿಯ ನಿಯಮ ವ್ಯವಸ್ಥೆಯನ್ನಷ್ಟೇ ಅಲ್ಲ, ಅದು ಕೆಟ್ಟಾಗ ಚಾಲಕನಿಗೆ ತಿಳಿಸುವ ದೀಪವನ್ನೂ ಬಯಸಿತು. ಟ್ರೇಲರುಗಳಿಗಂತೂ ಹೊರಮೈಯಲ್ಲಿಯೇ ದೀಪ ಬೇಕಾಯಿತು. ಇದರ ಮಹತ್ವ ಸ್ಪಷ್ಟವಾಗಿದೆ. ಬ್ರೇಕಿನ ಪ್ಯಾಡು ಸವೆದರೆ ಸದ್ದು ಕೇಳಿಸುತ್ತದೆ. ಬ್ರೇಕ್ ಆಯಿಲ್ ಸೋರಿದರೆ ಪೆಡಲು ಕೆಳಗಿಳಿಯುತ್ತದೆ. ಕೊಳವೆಯಲ್ಲಿ ಗಾಳಿ ಸೇರಿದರೆ ಪೆಡಲು ಮೆತ್ತಗಾಗುತ್ತದೆ. ಎಬಿಎಸ್ ಕೆಟ್ಟರೆ ಇಂಥ ಯಾವ ಗುರುತೂ ಇರುವುದಿಲ್ಲ. ಸಾಮಾನ್ಯ ಬ್ರೇಕು ಎಂದಿನಂತೆ ಹಿಡಿಯುತ್ತದೆ. ವ್ಯವಸ್ಥೆ ಇಲ್ಲವೆಂಬುದು ತಿಳಿಯುವುದು ಅದು ಬೇಕಾದ ಕ್ಷಣದಲ್ಲಿ ಮಾತ್ರ. ಇಂದ್ರಿಯಗಳಿಗೆ ಎಟುಕದ ದೋಷಕ್ಕೆ ದೀಪ ಬೇಕಾಯಿತೇ ಹೊರತು ದಡ್ಡರಿಗಾಗಿ ಅಲ್ಲ.

ದೀಪದ ಭಾಷೆ

ಈ ದೀಪವನ್ನು ಓದುವುದಕ್ಕೂ ಒಂದು ಕ್ರಮವಿದೆ. ಕೀಲಿ ತಿರುಗಿಸಿದೊಡನೆ ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ಈ ಅವಧಿಯಲ್ಲಿ ನಿಯಂತ್ರಣ ಘಟಕ ತನ್ನನ್ನೂ ತನ್ನ ತಂತಿಗಳನ್ನೂ ಪರೀಕ್ಷಿಸಿಕೊಳ್ಳುತ್ತದೆ. ವಾಹನ ಚಲಿಸತೊಡಗಿದ ಬಳಿಕ ನಾಲ್ಕು ಗಾಲಿಗಳ ಸಂಕೇತಗಳನ್ನು ಹೋಲಿಸಿ ನೋಡುವುದು ಎರಡನೆಯ ಪರೀಕ್ಷೆ. ಆದ್ದರಿಂದ ಕೀಲಿ ತಿರುಗಿಸಿದಾಗಲೇ ಆರದೆ ಉಳಿಯುವ ದೀಪಕ್ಕೂ, ಸ್ವಲ್ಪ ದೂರ ಓಡಿದ ಮೇಲೆ ಹೊತ್ತುವ ದೀಪಕ್ಕೂ ಅರ್ಥ ಬೇರೆ. ಮೊದಲನೆಯದು ಸಾಮಾನ್ಯವಾಗಿ ಫ್ಯೂಸ್, ತಂತಿ ಅಥವಾ ಘಟಕದ ದೋಷದ ಕಡೆಗೆ ಕೈತೋರಿದರೆ, ಎರಡನೆಯದು ಗಾಲಿಯ ಸಂಕೇತದ ದೋಷದ ಕಡೆಗೆ ತೋರುತ್ತದೆ. ‘ಯಾವಾಗ ಹೊತ್ತಿತು?’ ಎಂದು ಬಲ್ಲ ಮೆಕ್ಯಾನಿಕ್ ಮೊದಲು ಕೇಳುವುದು ಇದಕ್ಕಾಗಿಯೇ. ನಾಟಿವೈದ್ಯರು ಜ್ವರ ಬಂದ ಹೊತ್ತನ್ನು ವಿಚಾರಿಸುವ ಕ್ರಮಕ್ಕೆ ಇದು ಹತ್ತಿರದ್ದು.

ಬಣ್ಣಕ್ಕೂ ಅರ್ಥವಿದೆ. ಎಬಿಎಸ್ ದೀಪ ಕಿತ್ತಳೆ ಛಾಯೆಯ ಹಳದಿ, ಅದು ಎಚ್ಚರಿಕೆ. ಬ್ರೇಕಿನ ಮುಖ್ಯ ದೀಪ ಕೆಂಪು, ಅದು ಅಪಾಯ. ಹಳದಿಯೊಂದೇ ಹೊತ್ತಿದ್ದರೆ ಸಾಮಾನ್ಯ ಬ್ರೇಕು ಉಳಿದಿದೆಯೆಂದು ತಿಳಿದು ನಿಧಾನವಾಗಿ ಗ್ಯಾರೇಜಿಗೆ ಸಾಗಬಹುದು. ಕೈಬ್ರೇಕು ಬಿಟ್ಟಿದ್ದರೂ ಎರಡೂ ಒಟ್ಟಿಗೆ ಹೊತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು, ಇಲ್ಲವೆ ಮುಂದಿನ–ಹಿಂದಿನ ಗಾಲಿಗಳ ನಡುವೆ ಬ್ರೇಕಿನ ಬಲವನ್ನು ಹಂಚುವ ವ್ಯವಸ್ಥೆಯೂ ನಿಂತಿರಬಹುದು. ಆಗ ವಾಹನವನ್ನು ಮುಂದೆ ಓಡಿಸದಿರುವುದೇ ಕ್ಷೇಮ.

ದೀಪದಿಂದ ಇದಕ್ಕಿಂತ ಹೆಚ್ಚಿನ ಮಾತು ಹೊರಡಿಸುವ ಉಪಾಯಗಳೂ ಬೆಳೆದವು. ಹಳೆಯ ಹಲವು ಕಾರುಗಳಲ್ಲಿ ನಿರ್ದಿಷ್ಟ ಎರಡು ಪಿನ್ನುಗಳ ನಡುವೆ ತಂತಿಯ ತುಂಡೊಂದನ್ನು ಸಿಕ್ಕಿಸಿದರೆ ದೀಪ ಮಿಣುಕತೊಡಗುತ್ತಿತ್ತು. ಆ ಮಿಣುಕುಗಳನ್ನು ಎಣಿಸಿ ದೋಷದ ಸಂಖ್ಯೆಯನ್ನು ತಿಳಿಯಲಾಗುತ್ತಿತ್ತು. ಮುಂದೆ ಸ್ಕ್ಯಾನರ್ ಬಂದಿತು. 1996ರ ಮಾದರಿಯಿಂದ ಅಮೆರಿಕದ ಕಾರುಗಳಲ್ಲಿ ಏಕರೂಪದ ದೋಷಪತ್ತೆ ಸಂಪರ್ಕ ಕಡ್ಡಾಯವಾಯಿತು. ಆದರೆ ಆ ನಿಯಮದ ಗುರಿ ಹೊಗೆಯ ಮಾಲಿನ್ಯ. ಆದ್ದರಿಂದ ಎಂಜಿನ್ನಿನ ಸಂಕೇತಗಳನ್ನು ಓದುವ ಅಗ್ಗದ ಸ್ಕ್ಯಾನರ್ ಎಬಿಎಸ್ ಘಟಕದೊಡನೆ ಮಾತನಾಡಲಾರದೆ ಸೋಲುವುದುಂಟು. ಉಪಕರಣವಿದ್ದೂ ದೀಪದ ಮಾತು ತಿಳಿಯದ ಈ ಸ್ಥಿತಿಯ ಪರಿಣಾಮಗಳನ್ನು ಮುಂದೆ ಪ್ರಸ್ತಾಪಿಸಲಾಗಿದೆ.

ದೋಷಪತ್ತೆಯ ಕ್ರಮ

ಸ್ಕ್ಯಾನರ್ ‘ಎಡ ಮುಂದಿನ ಗಾಲಿಯ ಸೆನ್ಸರ್ ಸರ್ಕ್ಯೂಟ್’ ಎಂದು ತೋರಿಸಿತೆನ್ನೋಣ. ಹೊಸಬರು ಇದನ್ನು ‘ಸೆನ್ಸರ್ ಕೆಟ್ಟಿದೆ’ ಎಂದು ಓದುತ್ತಾರೆ, ಹೊಸ ಸೆನ್ಸರ್ ಹಾಕುತ್ತಾರೆ. ಎಷ್ಟೋ ಬಾರಿ ದೀಪ ಆರುವುದಿಲ್ಲ. ಸಂಕೇತ ಹೇಳಿದ್ದು ಆ ಗಾಲಿಯಿಂದ ಸರಿಯಾದ ಸುದ್ದಿ ಬರುತ್ತಿಲ್ಲ ಎಂದು ಮಾತ್ರ. ಸುದ್ದಿ ಹುಟ್ಟುವ ಜಾಗದಿಂದ ತಲುಪುವ ಜಾಗದವರೆಗೆ ಎಲ್ಲಿಯಾದರೂ ಅದು ಕಡಿದಿರಬಹುದು.

ಸುದ್ದಿ ಹುಟ್ಟುವ ಬಗೆಯನ್ನು ಅರಿತರೆ ಹುಡುಕಾಟದ ದಾರಿ ತಿಳಿಯುತ್ತದೆ. ಹಳೆಯ ಬಗೆಯ ಸೆನ್ಸರಿನಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ ಇರುತ್ತದೆ. ಗಾಲಿಯೊಡನೆ ತಿರುಗುವ ಹಲ್ಲಿನುಂಗುರದ ಪ್ರತಿ ಹಲ್ಲೂ ಅದರ ಮುಂದೆ ಹಾದಾಗ ಸುರುಳಿಯಲ್ಲಿ ವಿದ್ಯುತ್ತಿನ ಅಲೆಯೊಂದು ಏಳುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ತತ್ತ್ವವೇ ಇದು. ಉಂಗುರಕ್ಕೆ 48 ಹಲ್ಲುಗಳಿದ್ದು ಗಾಲಿಯ ಸುತ್ತಳತೆ 2 ಮೀಟರ್ ಇದ್ದರೆ, ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ, 240 ಅಲೆಗಳು ಏಳುತ್ತವೆ. ಹಲ್ಲಿಗೂ ಸೆನ್ಸರಿಗೂ ನಡುವಿನ ಸಂದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಬೆಳೆದು ಅದನ್ನು ಕೂದಲೆಳೆಯಷ್ಟು ಮೇಲೆತ್ತಿದರೂ ಅಲೆ ದುರ್ಬಲವಾಗುತ್ತದೆ. ಅಮೆರಿಕದಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಸುಮಾರು 8 ಲಕ್ಷ ವಾಹನಗಳನ್ನು 2005ರಲ್ಲಿ ಇಂಥದೇ ತುಕ್ಕಿನ ಕಾರಣಕ್ಕೆ ತಯಾರಕರು ಹಿಂದಕ್ಕೆ ಕರೆಸಿದರು. ಅಲ್ಲಿ ನಿಲ್ಲುವ ಮುನ್ನ ನಿಧಾನಗತಿಯಲ್ಲಿ ಎಬಿಎಸ್ ಅಕಾರಣವಾಗಿ ಕೆಲಸ ಮಾಡಿ ವಾಹನ ನಿಲ್ಲುವ ದೂರ ಹೆಚ್ಚುತ್ತಿತ್ತು. ಹೊಸ ಭಾಗಕ್ಕಿಂತ ಮೊದಲು ಉಪ್ಪುಕಾಗದ ಕೈಗೆತ್ತಿಕೊಳ್ಳಬೇಕೆಂಬ ಕಸುಬಿನ ವಿವೇಕಕ್ಕೆ ಇಂತಹ ಆಧಾರವಿದೆ.

ಅನುಭವಿಗಳು ಅನುಸರಿಸುವ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಕಣ್ಣು: ಬ್ಯಾಟರಿಯ ವೋಲ್ಟೇಜ್, ಫ್ಯೂಸ್, ಬ್ರೇಕ್ ಆಯಿಲಿನ ಮಟ್ಟ, ಟೈರುಗಳ ಅಳತೆ. ನಾಲ್ಕರಲ್ಲಿ ಒಂದು ಟೈರು ಬೇರೆ ಅಳತೆಯದಾದರೆ ಅದರ ಗಾಲಿ ಬೇರೆ ವೇಗದಲ್ಲಿ ತಿರುಗಿ ಘಟಕವನ್ನು ದಿಕ್ಕು ತಪ್ಪಿಸಬಲ್ಲದು. ಬಳಿಕ ಗಾಲಿಯ ಹಿಂಬದಿಯ ತಂತಿ: ಸ್ಟೀರಿಂಗ್ ತಿರುಗಿದಂತೆಲ್ಲ ಬಾಗುವ ಈ ತಂತಿ ಹೊರಗಿನ ಹೊದಿಕೆ ಸರಿಯಿದ್ದೂ ಒಳಗೆ ಮುರಿದಿರಬಹುದು, ಇಲಿ ಕಡಿದಿರಬಹುದು, ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿದ ಕಡೆಗಳಲ್ಲಿ ಹುಲ್ಲು ಸುತ್ತಿಕೊಂಡು ತಂತಿ ಎಳೆದಿರಲೂಬಹುದು. ಮೂರನೆಯದು ಕಪ್ಲರ್: ಅದನ್ನು ಬಿಚ್ಚಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ನೀರು ಸೇರಿದೆಯೇ ಎಂದು ನೋಡಬೇಕು. ನಾಲ್ಕನೆಯದು ಕೈ: ಗಾಲಿಯನ್ನು ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ ಬೇರಿಂಗಿನಲ್ಲಿ ಆಟವಿದೆಯೇ ಎಂದು ಪರೀಕ್ಷಿಸಬೇಕು. ಬೇರಿಂಗ್ ಸಡಿಲವಾದರೆ ಸೆನ್ಸರಿನ ಸಂದು ಪ್ರತಿ ಸುತ್ತಿನಲ್ಲೂ ಬದಲಾಗುತ್ತದೆ. ಇಷ್ಟಾದ ಮೇಲೆ ಮಲ್ಟಿಮೀಟರ್.

ಮಲ್ಟಿಮೀಟರಿನ ಬಳಕೆಯಲ್ಲಿಯೂ ಕಸುಬಿನ ಜಾಣತನವೊಂದಿದೆ. ಸುರುಳಿಯ ಸೆನ್ಸರಿನ ರೋಧ ಅನೇಕ ವಾಹನಗಳಲ್ಲಿ ಒಂದು ಸಾವಿರ ಓಮ್‌ಗಳ ಆಸುಪಾಸು ಇದ್ದರೂ ಮಾದರಿಯಿಂದ ಮಾದರಿಗೆ ವ್ಯತ್ಯಾಸವಾಗುತ್ತದೆ. ಕೈಪಿಡಿ ದೊರೆಯದ ಗ್ಯಾರೇಜಿನಲ್ಲಿ ಸರಿಯಾದ ಅಂಕಿಯನ್ನು ತಿಳಿಯುವುದು ಹೇಗೆ? ಅದೇ ವಾಹನದ ಬಲಗಡೆಯ ಗಾಲಿಯನ್ನು ಅಳೆದು ಎಡದ್ದರೊಡನೆ ಹೋಲಿಸುವುದೇ ಉತ್ತರ. ಗಾಲಿಯನ್ನು ಕೈಯಿಂದ ತಿರುಗಿಸಿ ಎರಡೂ ಕಡೆ ಏಳುವ ಅಲೆಯ ವೋಲ್ಟೇಜನ್ನು ಹೋಲಿಸುವುದು ಇನ್ನೊಂದು ಕ್ರಮ. ಲಿಖಿತ ಪಠ್ಯದ ಕೊರತೆಯನ್ನು ಹೋಲಿಕೆಯಿಂದ ತುಂಬಿಕೊಳ್ಳುವ ಈ ವಿಧಾನವನ್ನು ಪಾಠಾಂತರಗಳನ್ನು ಹೋಲಿಸುವ ಜಾನಪದ ಸಂಶೋಧಕರು ಸುಲಭವಾಗಿ ಗುರುತಿಸಬಲ್ಲರು.

ಹೊಸ ಬಗೆಯ ಸೆನ್ಸರುಗಳಿಗೆ ಈ ಓಮ್ ಪರೀಕ್ಷೆ ಸಲ್ಲದು. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಆಧರಿಸಿದವೂ ಸೇರಿದಂತೆ ಇವು ಘಟಕದಿಂದ ವಿದ್ಯುತ್ ಪಡೆದು ಕೆಲಸ ಮಾಡುತ್ತವೆ. ಮೀಟರಿನ ಓಮ್ ಪರೀಕ್ಷೆಯಿಂದ ಅವುಗಳಿಗೆ ಹಾನಿಯಾಗಬಹುದು. ಇವುಗಳಲ್ಲಿ ಅನೇಕ ಕಡೆ ಹಲ್ಲಿನುಂಗುರವೂ ಇಲ್ಲ. ಬೇರಿಂಗಿನ ಒಂದು ಪಕ್ಕದ ಸೀಲಿನಲ್ಲಿಯೇ ಕಣ್ಣಿಗೆ ಕಾಣದ ಅಯಸ್ಕಾಂತದ ಪಟ್ಟಿಗಳಿರುತ್ತವೆ. ಬೇರಿಂಗನ್ನು ತಿರುವುಮುರುವಾಗಿ ಕೂರಿಸಿದರೆ ಗಾಲಿ ಚೆನ್ನಾಗಿಯೇ ತಿರುಗುತ್ತದೆ, ಸೆನ್ಸರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ದೀಪ ಹೊತ್ತಿಯೇ ಇರುತ್ತದೆ. ಈ ತಪ್ಪನ್ನು ತಪ್ಪಿಸಲು ಮೆಕ್ಯಾನಿಕರು ಕಂಡುಕೊಂಡ ಉಪಾಯ ಸರಳ: ಕೂರಿಸುವ ಮುನ್ನ ಬೇರಿಂಗಿನ ಎರಡೂ ಪಕ್ಕಕ್ಕೆ ಕಾಗದದ ಕ್ಲಿಪ್ಪನ್ನೋ ಕಬ್ಬಿಣದ ಪುಡಿಯನ್ನೋ ತಾಗಿಸಿ ನೋಡುವುದು. ಅಂಟಿದ ಪಕ್ಕ ಸೆನ್ಸರಿನ ಕಡೆಗಿರಬೇಕು.

ಕೆಲವೊಮ್ಮೆ ದೋಷ ನಿಯಂತ್ರಣ ಘಟಕದಲ್ಲಿಯೇ ಇರುತ್ತದೆ. 1990ರ ದಶಕದ ಕೊನೆಯ ಹಲವು ಯುರೋಪಿಯನ್ ಕಾರುಗಳ ಘಟಕಗಳಲ್ಲಿ ಒಳಗಿನ ಸೂಕ್ಷ್ಮ ಸಂಪರ್ಕಗಳು ಶಾಖ ಮತ್ತು ಕಂಪನದಿಂದ ಬಿರುಕು ಬಿಟ್ಟವು. ಇಡೀ ಘಟಕವನ್ನು ಬದಲಿಸುವ ದುಬಾರಿ ದಾರಿಯ ಬದಲು ಮುಚ್ಚಳ ಕೊರೆದು ಸಂಪರ್ಕಗಳನ್ನು ಮತ್ತೆ ಬೆಸೆಯುವವರು ಹುಟ್ಟಿಕೊಂಡರು. ಬೆಸುಗೆ ಕಸುಬಿನ ಹೊಸ ಕವಲೊಂದು ಹೀಗೆ ರೂಪುಗೊಂಡಿತು. ದುರಸ್ತಿಯ ಕೊನೆಯ ಹಂತ ಎಲ್ಲ ಕಡೆಯೂ ಒಂದೇ: ಸಂಕೇತವನ್ನು ಅಳಿಸಿ ವಾಹನವನ್ನು ಓಡಿಸಿ ನೋಡಬೇಕು. ನಿಂತ ವಾಹನದಲ್ಲಿ ಆರಿದ ದೀಪ ಗಾಲಿ ತಿರುಗಿದ ಮೇಲೂ ಆರಿಯೇ ಇದ್ದರೆ ಮಾತ್ರ ಕೆಲಸ ಮುಗಿದಂತೆ.

ಕರ್ನಾಟಕದ ಗ್ಯಾರೇಜುಗಳು ಮತ್ತು ಜ್ಞಾನದ ಹಕ್ಕು

ಎಬಿಎಸ್ ಚರಿತ್ರೆಯಲ್ಲಿ ಮುಖ್ಯ ಪಾತ್ರ ವಹಿಸಿದ ಬಾಷ್ ಸಂಸ್ಥೆಯ ಹೆಸರು ಬೆಂಗಳೂರಿಗೆ ಬೇರೊಂದು ರೂಪದಲ್ಲಿ ಬಹುಕಾಲದಿಂದ ಪರಿಚಿತ. 1951ರಲ್ಲಿ ಇಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಜನರ ಬಾಯಲ್ಲಿ ‘ಮೈಕೋ’ ಆಯಿತು. 2008ರಲ್ಲಿ ಕಂಪನಿ ಬಾಷ್ ಎಂಬ ಹೆಸರು ತಳೆದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಉಳಿದಿದೆ. ಆದರೆ ಎಬಿಎಸ್ ಇಲ್ಲಿನ ಸಾಮಾನ್ಯ ಗ್ಯಾರೇಜಿಗೆ ಬಂದದ್ದು ತಡವಾಗಿ. 1983ರ ಕೊನೆಯಲ್ಲಿ ರಸ್ತೆಗಿಳಿದು ಮೂರು ದಶಕ ತಯಾರಾದ ಮಾರುತಿ 800 ಕಾರಿನಲ್ಲಿ ಅದು ಇರಲಿಲ್ಲ. ಒಂದು ಇಡೀ ತಲೆಮಾರಿನ ಮೆಕ್ಯಾನಿಕರು ಕೆಲಸ ಕಲಿತದ್ದು ಇಂತಹ ಕಾರುಗಳ ಮೇಲೆ. ಭಾರತದಲ್ಲಿ ತಯಾರಾದ ಮೋಟಾರ್ ಸೈಕಲ್ಲಿಗೆ ಎಬಿಎಸ್ 2011ರಲ್ಲಿ ಬಂದಿತು. 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೂ 2019ರ ಏಪ್ರಿಲ್‌ನಿಂದ ಈಗಾಗಲೇ ಮಾರಾಟದಲ್ಲಿದ್ದ ಮಾದರಿಗಳಿಗೂ, ಕಾರುಗಳಲ್ಲಿ ಮತ್ತು 125 ಸಿಸಿ ಮೀರಿದ ದ್ವಿಚಕ್ರ ವಾಹನಗಳಲ್ಲಿ ಎಬಿಎಸ್ ಕಡ್ಡಾಯವಾಯಿತು. ಅಂದರೆ ಒಂದು ಕಾಲಕ್ಕೆ ದುಬಾರಿ ಕಾರುಗಳ ಗುರುತಾಗಿದ್ದ ಹಳದಿ ದೀಪ ಈಗ ಹೋಬಳಿ ಮಟ್ಟದ ಗ್ಯಾರೇಜಿಗೂ ಬಂದು ನಿಂತಿದೆ.

ಇಲ್ಲಿಯೇ ಜ್ಞಾನದ ಹಕ್ಕಿನ ಪ್ರಶ್ನೆ ಎದುರಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಸೆನ್ಸರ್ ಸಿಗಬಹುದು; ದೀಪದ ಸಂಕೇತವನ್ನು ಓದುವ ತಂತ್ರಾಂಶ ಮತ್ತು ಕೈಪಿಡಿ ತಯಾರಕರ ಕೈಯಲ್ಲಿವೆ. ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರ ತನ್ನ ಆದೇಶದಲ್ಲಿ, ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರಕದಂತೆ ಮಾಡಿದ್ದು ಸ್ಪರ್ಧೆಗೆ ಮಾರಕವೆಂದು ತೀರ್ಮಾನಿಸಿ 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಈ ಆದೇಶ ಅನಂತರ ಮೇಲ್ಮನವಿಗಳಿಗೆ ಒಳಗಾಯಿತಾದರೂ ಸ್ವತಂತ್ರ ಮೆಕ್ಯಾನಿಕನ ದೂರಿಗೆ ದೊರೆತ ಅಧಿಕೃತ ಮನ್ನಣೆಯಾಗಿ ಅದು ಉಳಿದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ವಾಹನ ದುರಸ್ತಿಯ ಹಕ್ಕಿನ ಕಾನೂನನ್ನು ತಂದಿತ್ತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿತು. ಕುಲುಮೆಯ ಗುಟ್ಟನ್ನು ಶಿಷ್ಯನಿಗೆ ಕೊಡುವ ಬಿಡುವ ಅಧಿಕಾರ ಒಂದು ಕಾಲಕ್ಕೆ ಕಸುಬುದಾರನದಾಗಿತ್ತು. ಈಗ ಆ ಅಧಿಕಾರ ಯಂತ್ರವನ್ನು ತಯಾರಿಸುವವರಿಗೆ ಸೇರಿದೆ. ವಿವಾದ ನಡೆದಿರುವುದು ಅದಕ್ಕಾಗಿ.

ದೀಪವನ್ನು ಮುಚ್ಚುವುದು

ಜ್ಞಾನ ಎಟುಕದ ಕಡೆ ಮೋಸಕ್ಕೆ ದಾರಿಯಾಗುತ್ತದೆ. ದೋಷವನ್ನು ಸರಿಪಡಿಸದೆ ದೀಪದ ಬಲ್ಬನ್ನೇ ಕಿತ್ತುಹಾಕುವುದು, ದೀಪದ ಮೇಲೆ ಕಪ್ಪು ಅಂಟುಪಟ್ಟಿ ಹಚ್ಚುವುದು, ಬೇರೊಂದು ದೀಪದ ತಂತಿಗೆ ಅದನ್ನು ಜೋಡಿಸಿ ಅದರೊಡನೆಯೇ ಆರುವಂತೆ ಮಾಡುವುದು ಹಳೆಯ ವಾಹನಗಳ ಮಾರಾಟದಲ್ಲಿ ಹಲವು ದೇಶಗಳಲ್ಲಿ ಕಂಡುಬಂದಿರುವ ಕುಯುಕ್ತಿಗಳು. ಬ್ರಿಟನ್ನಿನ ವಾರ್ಷಿಕ ವಾಹನ ಪರೀಕ್ಷೆಯಲ್ಲಿ ಎಬಿಎಸ್ ದೀಪ ಸರಿಯಾಗಿ ಹೊತ್ತಿ ಆರುವುದನ್ನು ನೋಡುವ ಕ್ರಮವಿರುವುದು ಈ ಕಾರಣಕ್ಕೂ ಮುಖ್ಯ. ಹಳೆಯ ಕಾರು ಕೊಳ್ಳುವವರು ಕೇಳಬೇಕಾದ ಪ್ರಶ್ನೆ ದೀಪ ಆರಿದೆಯೇ ಎಂಬುದಲ್ಲ. ಕೀಲಿ ತಿರುಗಿಸಿದಾಗ ಅದು ಒಮ್ಮೆ ಹೊತ್ತಿತೇ ಎಂಬುದು. ಹೊತ್ತದ ದೀಪವನ್ನು ಆರಿದ ದೀಪಕ್ಕಿಂತ ಹೆಚ್ಚು ಅನುಮಾನದಿಂದ ನೋಡಬೇಕೆಂಬುದು ಕಸುಬಿನ ತಿಳಿವಳಿಕೆ.

ಈ ಮೋಸದಿಂದ ಆಗುವ ಹಾನಿಯನ್ನು ಅರಿಯಲು ಚಾಲಕರ ಹಳೆಯ ಪಾಠಕ್ಕೆ ಹಿಂದಿರುಗಬೇಕು. ದೀಪ ಹೊತ್ತಿರುವ ವಾಹನ ಎಬಿಎಸ್ ಇಲ್ಲದ ಕಾಲಕ್ಕೆ ಮರಳಿರುತ್ತದೆ. ಅದರಲ್ಲಿ ಗಾಲಿ ಬಿಗಿಯತೊಡಗಿದರೆ ಬ್ರೇಕನ್ನು ಬಿಟ್ಟು ಒತ್ತುವ ಹಳೆಯ ಕ್ರಮವೇ ಮತ್ತೆ ಸರಿ. ಆದರೆ ಎಬಿಎಸ್ ಕಾಲದಲ್ಲಿ ಚಾಲನೆ ಕಲಿತವರಿಗೆ ಆ ಪಾಠ ದಾಟಿಬಂದಿಲ್ಲ. ಅವರ ಪಾದ ಅದುಮಿ ಹಿಡಿಯುವುದನ್ನಷ್ಟೇ ಬಲ್ಲದು. ದೀಪ ಕಂಡರೆ ಅವರು ನಿಧಾನಿಸಬಹುದು. ದೀಪವನ್ನೇ ಕಿತ್ತಿದ್ದರೆ ತಾವು ಯಾವ ಕಾಲದ ವಾಹನ ಓಡಿಸುತ್ತಿದ್ದೇವೆಂಬುದು ಅವರಿಗೆ ತಿಳಿಯುವುದು ಮಳೆಯ ರಸ್ತೆಯ ತಿರುವಿನಲ್ಲಿ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊರಡುವ ಅಂಶಗಳು ಇವು. ಎಬಿಎಸ್ ದೀಪವು ಚಾಲಕರ ಮೌಖಿಕ ಅರಿವೊಂದನ್ನು ಯಂತ್ರಕ್ಕೆ ವರ್ಗಾಯಿಸಿದ ಚರಿತ್ರೆಯ ಭಾಗ. 1970ರ ದಶಕದಲ್ಲಿ ನಂಬಿಕೆ ಕಳೆದುಕೊಂಡ ತಂತ್ರಜ್ಞಾನ ಮತ್ತೆ ನಂಬಿಕೆ ಗಳಿಸಲು ಬೇಕಾದ ಸಾಧನಗಳಲ್ಲಿ ಅದೂ ಒಂದು. ದೀಪ ಮತ್ತು ಸ್ಕ್ಯಾನರ್ ಹುಡುಕಾಟದ ಕ್ಷೇತ್ರವನ್ನು ಕಿರಿದು ಮಾಡಿವೆಯೇ ಹೊರತು ಕೈಯ ಅರಿವನ್ನು ಅನಗತ್ಯಗೊಳಿಸಿಲ್ಲ. ಗಾಲಿ ಅಲುಗಿಸಿ ಬೇರಿಂಗ್ ತಿಳಿಯುವುದು, ಎಡವನ್ನು ಬಲದೊಡನೆ ಹೋಲಿಸುವುದು, ಕ್ಲಿಪ್ಪು ತಾಗಿಸಿ ಕಾಣದ ಅಯಸ್ಕಾಂತ ಕಾಣುವುದು ಇಂದಿನ ಕಾಲದ ವೃತ್ತಿ ಜಾನಪದ.

ಆಯುಧಪೂಜೆಯ ದಿನ ನಾಡಿನ ಗ್ಯಾರೇಜುಗಳಲ್ಲಿ ಪಾನಾ, ಸುತ್ತಿಗೆ, ಜಾಕುಗಳಿಗೆ ಕುಂಕುಮ ಹಚ್ಚಿ, ವಾಹನದ ಗಾಲಿಗಳಡಿ ನಿಂಬೆಹಣ್ಣು ಇಡಲಾಗುತ್ತದೆ. ಉಪಕರಣಗಳ ಆ ಸಾಲು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಅವುಗಳನ್ನು ಬಳಸುವವರು ಹೇಳಿಕೊಳ್ಳುವ ದೋಷಪತ್ತೆಯ ಕಥೆಗಳು, ಕನ್ನಡ–ದಖನಿ–ತಮಿಳು–ಇಂಗ್ಲಿಷ್ ಬೆರೆತ ಅವರ ವೃತ್ತಿಪದಗಳು, ಗುರು–ಶಿಷ್ಯ ಕ್ರಮದಲ್ಲಿ ಕೆಲಸ ದಾಟುವ ಬಗೆ ಇನ್ನೂ ವ್ಯವಸ್ಥಿತ ಸಂಗ್ರಹಕ್ಕೆ ಕಾದಿವೆ. ಮಾರುತಿ 800ರ ಕಾಲದಲ್ಲಿ ಕಲಿತು ಹಳದಿ ದೀಪದ ಕಾಲಕ್ಕೆ ದಾಟಿದ ಮೆಕ್ಯಾನಿಕರು ಎರಡೂ ಅರಿವುಗಳನ್ನು ಬಲ್ಲವರು. ಅವರ ತಲೆಮಾರು ಕೆಲಸ ಬಿಡುವ ಮುನ್ನ ಈ ಸಂಗ್ರಹಕಾರ್ಯ ಆರಂಭವಾಗಬೇಕಾಗಿದೆ.